ನಷ್ಟ ಯಾರ ತಲೆಗೆ? ಸ್ವಾರ್ಥ, ನೀತಿ ಮತ್ತು ನಮ್ಮ ಮಾರುಕಟ್ಟೆ

ಬಂಡವಾಳಶಾಹಿ ಅಂದರೆ ಸ್ವಾರ್ಥ. ಸಮಾಜವಾದ ಅಂದರೆ ತ್ಯಾಗ. ಹಿಂದಿನ ಕಾಲದ ಹಳ್ಳಿ ಅಂದರೆ ಎಲ್ಲರೂ ಒಂದೇ ಮನೆಯವರ ಹಾಗೆ ಬಾಳಿದ ಜಾಗ. ದುಡ್ಡಿನ ವ್ಯವಸ್ಥೆ ಬಗ್ಗೆ ಎಲ್ಲೇ ಮಾತು ಶುರುವಾದರೂ ಈ ಮೂರರಲ್ಲಿ ಒಂದು ಬಂದೇ ಬರುತ್ತದೆ. ಮೂರೂ ಅರ್ಧ ಸುಳ್ಳು ಅನ್ನುವುದು ನನ್ನ ಅಭಿಪ್ರಾಯ. ಸ್ವಾರ್ಥ ಎಲ್ಲಾ ವ್ಯವಸ್ಥೆಯಲ್ಲೂ ಇದೆ, ಅದು ಮನುಷ್ಯರ ಜೊತೆಗೇ ಬರುತ್ತದೆ. ಹಾಗಂತ ಬರೀ ಸ್ವಾರ್ಥದ ಮೇಲೆ ನಿಂತ ವ್ಯವಸ್ಥೆ ಒಂದಾದರೂ ಇದೆಯಾ ಅಂದರೆ ಅದೂ ಇಲ್ಲ. ಹಾಗಾಗಿ ಯಾವ ವ್ಯವಸ್ಥೆ ಜನರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಅಂತ ಕೇಳುವುದಕ್ಕಿಂತ ಬೇರೆ ಒಂದು ಪ್ರಶ್ನೆ ಕೇಳಿದರೆ ವಿಷಯ ಬೇಗ ತಿಳಿಯಾಗುತ್ತದೆ. ಒಬ್ಬ ತಪ್ಪು ಮಾಡಿದರೆ, ಮೋಸ ಮಾಡಿದರೆ, ಇಲ್ಲಾ ಸುಮ್ನೆ ಮೈಗಳ್ಳತನ ಮಾಡಿದರೆ, ಆ ನಷ್ಟ ಯಾರ ತಲೆಗೆ ಬರುತ್ತದೆ?

ಇದಕ್ಕೆ ದೂರ ಹೋಗಬೇಕಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಒಣಮೆಣಸಿನಕಾಯಿ ಮಾರುಕಟ್ಟೆಗೆ ಹೋದರೆ ಸಾಕು. ಸೀಸನ್‌ನಲ್ಲಿ ಸೋಮವಾರ, ಗುರುವಾರ ಎಪಿಎಂಸಿ ಒಳಗೆ ಕಾಲಿಟ್ಟರೆ ಸೀನು ಬರುತ್ತದೆ, ಕಣ್ಣು ಉರಿಯುತ್ತದೆ. ದಲಾಲಿ ಅಂಗಡಿಗಳ ಮುಂದೆ ಚೀಲಗಳ ಸಾಲು. ಖರೀದಿದಾರರು ಒಂದೊಂದೇ ಲಾಟಿನ ಹತ್ತಿರ ನಿಲ್ಲುತ್ತಾರೆ, ಚೀಲದೊಳಗೆ ಕೈ ಹಾಕಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಾರೆ. ಮೇಲಿನದ್ದನ್ನು ಯಾರೂ ನಂಬುವುದಿಲ್ಲ. ಒಂದು ಕಾಯಿ ಮುರಿದು ಬೀಜ ನೋಡುತ್ತಾರೆ, ಬೆರಳಲ್ಲಿ ಒತ್ತಿ ಹಸಿ ಎಷ್ಟಿದೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕಡ್ಡಿ ಜಾತಿಯೋ ಡಬ್ಬಿ ಜಾತಿಯೋ ಅಂತ ಗುರುತಿಸುತ್ತಾರೆ. ಆಮೇಲೆ ಟೆಂಡರ್‌ನಲ್ಲಿ ರೇಟು ಹಾಕುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವನಿಗೆ ಗೊತ್ತಾಗಬಾರದು, ಅದೇ ಟೆಂಡರ್‌ನ ಉದ್ದೇಶ. ರೇಟು ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡದೇ ಇರಬಹುದು.

ಕಾಗದದ ಮೇಲೆ ಹೀಗಿದೆ. ರೈತ ಮತ್ತು ದಲಾಲರ ನಡುವೆ ಬಾಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

“ಸಾವಕಾರ್ರ, ಈ ರೇಟಿಗೆ ಆಳಿನ ಖರ್ಚೂ ಹುಟ್ಟಂಗಿಲ್ರೀ.”

“ನಾ ಏನ್ ಮಾಡ್ಲೋ ಯಪ್ಪಾ, ಟೆಂಡರ್‌ನ್ಯಾಗ ಬಂದದ್ದ ಇಷ್ಟು. ಇಟ್ಕೋತಿ ಅಂದ್ರ ಇಟ್ಕೋ.”

ಇಟ್ಟುಕೊಳ್ಳುವುದಕ್ಕೆ ಬಾಡಿಗೆ ಬೇಕು, ಮನೆಗೆ ವಾಪಸ್ ಒಯ್ಯಲು ಗಾಡಿ ಬೇಕು, ಮೇಲಾಗಿ ಬಿತ್ತನೆ ಹೊತ್ತಿಗೆ ರೈತ ಇದೇ ಸಾವಕಾರ್ರ ಹತ್ತಿರ ಮುಂಗಡ ತಂದಿರುತ್ತಾನೆ. ಹಾಗಾಗಿ ‘ಕೊಡದೇ ಇರಬಹುದು’ ಅನ್ನುವ ಹಕ್ಕು ಎಲ್ಲರಿಗೂ ಒಂದೇ ತೂಕದ್ದಲ್ಲ. ಸಾಲ ಇಲ್ಲದವನಿಗೆ ಅದು ನಿಜವಾದ ಹಕ್ಕು. ಸಾಲ ಇದ್ದವನಿಗೆ ಹೆಸರಿಗಷ್ಟೇ.

ಈ ಒಂದು ಅಂಗಳದಲ್ಲೇ ಮಾರುಕಟ್ಟೆಯ ಎರಡೂ ಮುಖ ಕಾಣುತ್ತವೆ. ಇಲ್ಲಿ ಯಾರೂ ಯಾರಿಗೂ ಉಪಕಾರ ಮಾಡಲು ಬಂದಿಲ್ಲ. ರೈತನಿಗೆ ಜಾಸ್ತಿ ರೇಟು ಬೇಕು, ಖರೀದಿದಾರನಿಗೆ ಕಡಿಮೆಗೆ ಬೇಕು, ದಲಾಲರಿಗೆ ಕಮಿಷನ್ ಬೇಕು, ಹಮಾಲರಿಗೆ ಚೀಲದ ಲೆಕ್ಕದ ಕೂಲಿ ಬೇಕು. ಆದರೂ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಇಲ್ಲಿಗೇ ಬರುತ್ತದೆ, ಏಕೆಂದರೆ ಇಲ್ಲಿ ತಂದರೆ ಮಾರಾಟವಾಗುತ್ತದೆ, ದುಡ್ಡು ಕೈಗೆ ಸಿಗುತ್ತದೆ ಅನ್ನುವ ನಂಬಿಕೆ ಇದೆ. ಆ ನಂಬಿಕೆಯನ್ನು ತಿನ್ನುವ ಕೆಲಸಗಳೂ ಇಂಥ ಮಾರುಕಟ್ಟೆಗಳಲ್ಲೇ ನಡೆಯುತ್ತವೆ. ತೂಕ ಬರಲಿ ಅಂತ ಕಾಯಿಗೆ ನೀರು ಹೊಡೆಯುವವರಿದ್ದಾರೆ. ಸೂಟು ಅಂತ ಹೇಳಿ ತೂಕದಲ್ಲಿ ಮುರಿದುಕೊಳ್ಳುವವರಿದ್ದಾರೆ. ರಸೀದಿ ಕೊಡದೆ ಬಿಳಿ ಚೀಟಿ ಮೇಲೆ ಲೆಕ್ಕ ಬರೆದು ಕೈಗೆ ಕೊಡುವವರಿದ್ದಾರೆ.

ಅರ್ಥಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಆಡಂ ಸ್ಮಿತ್ ಹೆಸರು ಇಲ್ಲಿ ತರಲೇಬೇಕು. ನಮ್ಮ ಊಟ ಬರುವುದು ಮಾಂಸ ಮಾರುವವನ, ಬ್ರೆಡ್ ಸುಡುವವನ ಕರುಣೆಯಿಂದಲ್ಲ, ಅವರು ತಮ್ಮ ಲಾಭ ನೋಡಿಕೊಳ್ಳುವುದರಿಂದ ಅಂತ 1776ರಲ್ಲಿ ಬರೆದವನು ಅವನೇ. ಈ ಒಂದು ಮಾತು ಹಿಡಿದುಕೊಂಡು ‘ಸ್ವಾರ್ಥವೇ ಒಳ್ಳೆಯದು’ ಅಂತ ವಾದ ಮಾಡುವವರು ಬಹಳ. ಆದರೆ ಸ್ಮಿತ್ ಗ್ಲ್ಯಾಸ್ಗೋದಲ್ಲಿ ಪಾಠ ಮಾಡುತ್ತಿದ್ದದ್ದು ನೀತಿಶಾಸ್ತ್ರವನ್ನು. ಅದಕ್ಕಿಂತ 17 ವರ್ಷ ಮೊದಲು, 1759ರಲ್ಲಿ, ಅವನು ಬರೆದ ದೊಡ್ಡ ಪುಸ್ತಕದ ವಿಷಯವೇ ಬೇರೆಯವರ ನೋವು ನಮಗೆ ಯಾಕೆ ತಾಗುತ್ತದೆ, ನಾವು ಮಾಡಿದ್ದನ್ನು ಹೊರಗಿನ ಒಬ್ಬ ನೋಡಿದರೆ ಏನಂದುಕೊಳ್ಳುತ್ತಾನೆ ಅಂತ ನಾವು ಯಾಕೆ ಯೋಚಿಸುತ್ತೇವೆ ಅನ್ನುವುದು. 1776ರ ಪುಸ್ತಕದಲ್ಲೇ ಇನ್ನೊಂದು ಎಚ್ಚರಿಕೆಯೂ ಇದೆ: ಒಂದೇ ವ್ಯಾಪಾರದವರು ಮೋಜಿಗೆ ಅಂತ ಸೇರಿದರೂ ಮಾತು ಕೊನೆಗೆ ಬೆಲೆ ಏರಿಸುವ ಒಳಸಂಚಿಗೇ ಹೋಗುತ್ತದೆ ಅಂತ. ಸ್ವಾರ್ಥ ಊರಿಗೆ ಒಳ್ಳೆಯದು ಮಾಡಬೇಕಾದರೆ ಎದುರಿಗೆ ಇನ್ನೊಬ್ಬನ ಸ್ವಾರ್ಥ ನಿಲ್ಲಬೇಕು. ಖರೀದಿದಾರರು ಒಳಗೊಳಗೇ ಒಂದಾಗಿಬಿಟ್ಟರೆ ಟೆಂಡರ್ ಇದ್ದೂ ಇಲ್ಲದ ಹಾಗೆ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಆದದ್ದು ನೆನಪಿರಬೇಕು. ಬೆಲೆ ಕುಸಿದಿದ್ದಕ್ಕೆ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಸುಮ್ನೆ ಬೆಲೆ ಇಳಿದರೆ ಜನ ಬೈದುಕೊಂಡು ಮನೆಗೆ ಹೋಗುತ್ತಾರೆ, ಬೆಲೆ ಇಳಿದ ರೀತಿ ಅನ್ಯಾಯ ಅನ್ನಿಸಿದಾಗ ಕೈ ಎತ್ತುತ್ತಾರೆ. ಮಾರುಕಟ್ಟೆಯಲ್ಲಿ ಕೂಡ ಜನ ಹುಡುಕುವುದು ಲಾಭವನ್ನಷ್ಟೇ ಅಲ್ಲ, ನ್ಯಾಯವನ್ನೂ.

ಇದಕ್ಕೆ ಪ್ರಯೋಗಗಳ ಆಧಾರವೂ ಇದೆ. ಒಬ್ಬನಿಗೆ ನೂರು ರೂಪಾಯಿ ಕೊಟ್ಟು, ಗುರುತಿಲ್ಲದ ಇನ್ನೊಬ್ಬನಿಗೆ ಇದರಲ್ಲಿ ಪಾಲು ಕೊಡು ಅನ್ನುತ್ತಾರೆ. ಎದುರಿನವನು ಒಪ್ಪಿದರೆ ಇಬ್ಬರಿಗೂ ದುಡ್ಡು, ಬೇಡ ಅಂದರೆ ಇಬ್ಬರಿಗೂ ಸೊನ್ನೆ. ಬರೀ ಸ್ವಾರ್ಥವೇ ಲೆಕ್ಕ ಅಂದರೆ ಒಂದು ರೂಪಾಯಿ ಕೊಟ್ಟರೂ ತಗೋಬೇಕು, ಅಲ್ವಾ? ಜನ ತಗೊಳ್ಳುವುದಿಲ್ಲ. ತೀರಾ ಕಡಿಮೆ ಕೊಟ್ಟರೆ ‘ನಿನ್ನ ದುಡ್ಡೂ ಬೇಡ’ ಅಂತ ತಳ್ಳಿಬಿಡುತ್ತಾರೆ. ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು ಇಂಥದ್ದೇ ಆಟವನ್ನು ಪ್ರಪಂಚದ 15 ಸಣ್ಣ ಸಮಾಜಗಳಲ್ಲಿ ಆಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆರು ದೇಶದ ಕಾಡಿನ ಮಾಚಿಗೆಂಗಾ ಜನ ಸರಾಸರಿ ಕಾಲು ಭಾಗದಷ್ಟೇ ಕೊಟ್ಟರು. ಇಂಡೋನೇಷ್ಯಾದ ಲಾಮಲೆರಾದಲ್ಲಿ ಒಟ್ಟಾಗಿ ದೋಣಿ ಹತ್ತಿ ತಿಮಿಂಗಿಲ ಹಿಡಿಯುವವರು ಅರ್ಧಕ್ಕಿಂತ ಜಾಸ್ತಿಯೇ ಕೊಟ್ಟರು. ನಾವು ಅಂದುಕೊಳ್ಳುವುದಕ್ಕೆ ಉಲ್ಟಾ ಆದ ಮಾತು ಇನ್ನೊಂದಿದೆ. ಕೊಡುವುದು, ಕೊಳ್ಳುವುದು, ಕೂಡಿ ದುಡಿಯುವುದು ಜಾಸ್ತಿ ಇದ್ದ ಸಮಾಜಗಳಲ್ಲೇ ಪಾಲು ಸಮವಾಗಿತ್ತು. ಸಂತೆ ಬಂದರೆ ನೀತಿ ಹಾಳಾಗುತ್ತದೆ ಅನ್ನುವ ಮಾತಿಗೆ ಇದು ಹೊಂದುವುದಿಲ್ಲ. ಗುರುತಿಲ್ಲದವರ ಜೊತೆ ವ್ಯವಹಾರ ಮಾಡುತ್ತಾ ಮಾಡುತ್ತಾ, ಗುರುತಿಲ್ಲದವರಿಗೂ ನ್ಯಾಯವಾಗಿ ನಡೆದುಕೊಳ್ಳುವುದನ್ನು ಜನ ಕಲಿಯುತ್ತಾರೆ ಅಂತ ಕಾಣುತ್ತದೆ.

ಆದರೆ ಅದು ತಾನಾಗಿ ಆಗುವುದಿಲ್ಲ. ಧಾರವಾಡದ ಹತ್ತಿಯ ಕಥೆ ಕೇಳಿ. ಅಮೆರಿಕದಿಂದ ತಂದ ಬೀಜ ನಮ್ಮ ಕಪ್ಪು ಎರೆಯಲ್ಲಿ ಚೆನ್ನಾಗಿ ಬಂತು, ಆ ಹತ್ತಿಗೆ ‘ಧಾರವಾಡ ಅಮೆರಿಕನ್’ ಅಂತಲೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು, ಬೆಲೆ ಗಗನಕ್ಕೇರಿತು. ಆಗ ಏನಾಯಿತು? ಒಳ್ಳೆ ಅರಳೆಗೆ ಕಡಿಮೆ ದರ್ಜೆಯ ಹತ್ತಿ ಬೆರೆಸುವುದು, ಬೀಜ, ದೂಳು, ಕಸ ಸೇರಿಸಿ ಅಂಡಿಗೆ (ಹತ್ತಿಯ ಮೂಟೆ) ಕಟ್ಟುವುದು ಜೋರಾಯಿತು. ಎಷ್ಟರ ಮಟ್ಟಿಗೆ ಅಂದರೆ 1863ರಲ್ಲಿ ಮುಂಬೈ ಸರ್ಕಾರ ಹತ್ತಿಯ ಕಲಬೆರಕೆ ತಡೆಯುವುದಕ್ಕೇ ಒಂದು ಕಾಯ್ದೆ ಮಾಡಬೇಕಾಯಿತು. ಬೆರೆಸಿದ ಒಬ್ಬೊಬ್ಬನಿಗೂ ಆ ದಿನ ಲಾಭವೇ. ನಷ್ಟ ಬಿದ್ದದ್ದು ಬೆರೆಸದವರ ಮೇಲೆ ಕೂಡ, ಏಕೆಂದರೆ ಕೊಳ್ಳುವವನಿಗೆ ಯಾವ ಅಂಡಿಗೆ ಸಾಚಾ ಅಂತ ಗೊತ್ತಾಗುವುದಿಲ್ಲ, ಅವನು ಇಡೀ ಊರಿನ ಹೆಸರಿಗೇ ಬೆಲೆ ಕಡಿಮೆ ಕಟ್ಟುತ್ತಾನೆ. ಹೀಗೆ ಕೆಟ್ಟ ಮಾಲು ಒಳ್ಳೆ ಮಾಲನ್ನು ಮಾರುಕಟ್ಟೆಯಿಂದ ಓಡಿಸುವುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಹಿಡಿದು ವಿವರಿಸಿದರು, ಅವರಿಗೆ 2001ರಲ್ಲಿ ನೊಬೆಲ್ ಬಂತು. ಧಾರವಾಡ ಸೀಮೆಯ ಹತ್ತಿ ರೈತರು ಅದನ್ನು ನೂರು ವರ್ಷ ಮೊದಲೇ ಅನುಭವಿಸಿದ್ದರು.

ಸರಿ, ಖಾಸಗಿ ಲಾಭವನ್ನೇ ತೆಗೆದುಹಾಕಿದರೆ? ಸೋವಿಯತ್ ಒಕ್ಕೂಟ ಅದನ್ನೇ ಮಾಡಿತು. 1929ರಿಂದ ರೈತರ ಹೊಲ, ದನ ಎಲ್ಲವನ್ನೂ ಸಾಮೂಹಿಕ ಕೃಷಿಗೆ ಸೇರಿಸಿದರು, ಒತ್ತಾಯದಿಂದಲೇ. 1932-33ರ ಬರಗಾಲದಲ್ಲಿ ಉಕ್ರೇನ್, ಕಜಕಸ್ತಾನ್ ಮತ್ತು ಇತರ ಕಡೆ ಲಕ್ಷಾಂತರ ಜನ ಸತ್ತರು. ಅದಾದ ಮೇಲೂ ಉಳಿದ ಒಂದು ಸಂಗತಿ ಗಮನಿಸಬೇಕು. ಮನೆಯ ಪಕ್ಕ ಸಣ್ಣ ತುಂಡು ಜಾಗ ಇಟ್ಟುಕೊಂಡು ತರಕಾರಿ, ಕೋಳಿ, ಹಾಲಿಗೆ ಒಂದು ಹಸು ಸಾಕಿಕೊಳ್ಳಲು ರೈತರಿಗೆ ಅವಕಾಶ ಕೊಟ್ಟಿದ್ದರು. ಒಟ್ಟು ಉಳುವ ಭೂಮಿಯಲ್ಲಿ ಅದು ಶೇಕಡಾ 3-4ರಷ್ಟು ಇರಬಹುದು. ಕೃಷಿ ಉತ್ಪನ್ನದ ಮೌಲ್ಯದಲ್ಲಿ ಸುಮಾರು ಕಾಲು ಭಾಗ ಅಲ್ಲಿಂದ ಬರುತ್ತಿತ್ತು. ಅದೇ ಜನ, ಅದೇ ಕೈ. ದೊಡ್ಡ ಹೊಲದಲ್ಲಿ ಬೆಳೆ ಹಾಳಾದರೆ ಯಾರಿಗೂ ತಮ್ಮದು ಅನ್ನಿಸುತ್ತಿರಲಿಲ್ಲ, ಸಣ್ಣ ತುಂಡಿನಲ್ಲಿ ಹಾಳಾದರೆ ಆ ಸಂಜೆ ಮನೆಯಲ್ಲಿ ಸಾರಿಗೆ ಏನೂ ಇಲ್ಲ.

ಚೀನಾದ ಕಥೆ ನನಗೆ ಇನ್ನೂ ಜಾಸ್ತಿ ಹೇಳುತ್ತದೆ. ಅನ್ಹುಯ್ ಪ್ರಾಂತ್ಯದ ಶಿಯಾವ್‌ಗಾಂಗ್ ಅನ್ನುವ ಬಡ ಹಳ್ಳಿ, 1978. ಹೊಟ್ಟೆಗಿಲ್ಲದೆ ಜನ ಭಿಕ್ಷೆಗೆ ಹೋಗುತ್ತಿದ್ದರು. 18 ಮಂದಿ ರೈತರು ರಾತ್ರಿ ಗುಟ್ಟಾಗಿ ಸೇರಿ, ಸಾಮೂಹಿಕ ಹೊಲವನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲು ಕೊಟ್ಟು ಉಳಿದದ್ದು ಅವರವರದೇ ಅಂತ ಚೀಟಿ ಬರೆದು ಹೆಬ್ಬೆಟ್ಟು ಒತ್ತಿದರು. ಆಗ ಅದು ದೊಡ್ಡ ಅಪರಾಧ. ಮುಂದಿನ ವರ್ಷ ಧಾನ್ಯ ಹಲವು ಪಟ್ಟು ಬಂತು, ಕೊನೆಗೆ ಸರ್ಕಾರವೇ ಆ ದಾರಿ ಹಿಡಿಯಿತು. ಸ್ವಾರ್ಥ ಗೆದ್ದಿತು ಅಂತ ಈ ಕಥೆ ಹೇಳುವವರು ಆ ಚೀಟಿಯ ಇನ್ನೊಂದು ಸಾಲನ್ನು ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಯಾರಾದರೂ ಜೈಲಿಗೆ ಹೋದರೆ, ಸತ್ತರೆ, ಅವರ ಮಕ್ಕಳನ್ನು 18 ವರ್ಷ ತುಂಬುವ ತನಕ ಉಳಿದವರು ಸಾಕುತ್ತೇವೆ ಅಂತ ಬರೆದುಕೊಂಡಿದ್ದರು. ತನ್ನ ಹೊಲ ತನಗೆ ಅನ್ನುವ ಒಪ್ಪಂದ ನಿಂತದ್ದು ನಿನ್ನ ಮಕ್ಕಳು ನಮ್ಮ ಹೊಣೆ ಅನ್ನುವ ಮಾತಿನ ಮೇಲೆ. ಒಂದು ಬಿಟ್ಟು ಇನ್ನೊಂದು ಇರುತ್ತಿರಲಿಲ್ಲ.

ಹಳೇ ಹಳ್ಳಿಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಸುಗ್ಗಿಯಲ್ಲಿ ಕಣದಲ್ಲೇ ರಾಶಿ ಅಳೆದು ಬಡಿಗೇರರಿಗೆ, ಕಮ್ಮಾರರಿಗೆ, ಕುಂಬಾರರಿಗೆ, ಅಗಸರಿಗೆ ಆಯ ಕೊಡುವ ಪದ್ಧತಿ ಇತ್ತು. ದುಡ್ಡಿಲ್ಲದೆ ಊರು ನಡೆಯುತ್ತಿತ್ತು. ಮಳೆ ಹೋದರೂ ನೇಗಿಲು ರಿಪೇರಿ ನಿಲ್ಲುತ್ತಿರಲಿಲ್ಲ, ಅದು ಅದರ ಒಳ್ಳೆಯ ಭಾಗ. ಮುಯ್ಯಾಳು ಪದ್ಧತಿಯೂ ಅಷ್ಟೇ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಆದರೆ ಆಯದಲ್ಲಿ ಯಾರು ಏನು ಮಾಡಬೇಕು ಅನ್ನುವುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಸತ್ತ ದನ ಎಳೆಯುವ ಕೆಲಸ ಬೇಡ ಅನ್ನುವ ಹಕ್ಕು ಕೆಳಕೇರಿಯವರಿಗೆ ಇರಲಿಲ್ಲ. ರಾಶಿ ಅಳೆಯುವ ಕೊಳಗ ಗೌಡರ ಕೈಯಲ್ಲಿ. ಊರಿನ ರೀತಿ ಅನ್ನುವ ಹೆಸರಲ್ಲಿ ಕೆಲವರ ಅನುಕೂಲವೇ ನೀತಿಯಾಗಿ ಕೂತಿತ್ತು, ನಷ್ಟವೆಲ್ಲ ಕೆಳಗಿನವರ ತಲೆಗೆ. ಅಲ್ಲಿ ಪ್ರೀತಿ ಇರಲಿಲ್ಲ ಅಂತಲ್ಲ. ಆದರೆ ಆ ಹಳ್ಳಿಯಿಂದ ಹುಬ್ಬಳ್ಳಿಗೆ ಬಂದು ಕೂಲಿ ಮಾಡಿ, ವಾರಕ್ಕೊಮ್ಮೆ ಕೈಗೆ ದುಡ್ಡು ಎಣಿಸಿಕೊಂಡವರಿಗೆ ಮಾರುಕಟ್ಟೆ ಬಿಡುಗಡೆಯಾಗಿ ಕಂಡಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

ಇವೆಲ್ಲದರ ನಡುವೆ ನಮ್ಮ ಗದಗ ತಾಲ್ಲೂಕಿನಲ್ಲೇ ಬೇರೆ ಒಂದು ದಾರಿ ಹುಟ್ಟಿತು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಮಾಡಿತು. ಮರು ವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ಕಟ್ಟಿದರು. ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಅದೂ ಒಂದು. ಕಾಯ್ದೆಯ ಹಿಂದಿನ ಯೋಚನೆ ಬಂದದ್ದು ಜರ್ಮನಿಯ ರೈಫೈಸನ್‌ನಿಂದ. ಬಡ್ಡಿ ಸಾವಕಾರರ ಕೈಗೆ ಸಿಕ್ಕ ರೈತರಿಗೆ ದಾನ ಕೊಟ್ಟು ಉಪಯೋಗವಿಲ್ಲ, ಅವರವರೇ ಸೇರಿ ಸಾಲ ಎತ್ತಿ ಹಂಚಿಕೊಳ್ಳಲಿ ಅಂತ ಅವನು ತೋರಿಸಿಕೊಟ್ಟಿದ್ದ.

ಇಲ್ಲಿ ಒಂದು ನಿಯಮದ ಮುಂದೆ ಸ್ವಲ್ಪ ನಿಲ್ಲಬೇಕು. 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲ ಎಲ್ಲಾ ಸದಸ್ಯರ ಆಸ್ತಿಯ ಮೇಲೂ ಬರುತ್ತಿತ್ತು. ಪಕ್ಕದ ಹೊಲದವನು ಸಾಲ ಕಟ್ಟದಿದ್ದರೆ ನಾಳೆ ನನ್ನ ಎತ್ತಿಗೆ ಕುತ್ತು. ಕೇಳಲು ಕ್ರೂರ ಅನ್ನಿಸುತ್ತದೆ. ಆದರೆ ಅದರಿಂದ ಏನಾಗುತ್ತದೆ ನೋಡಿ. ಸಾಲ ಕೇಳಿದವನು ಬೀಜಕ್ಕೆ ಕೇಳುತ್ತಿದ್ದಾನೋ ಇಸ್ಪೀಟಿಗೋ ಅಂತ ಊರಿಗೆ ಗೊತ್ತು. ಎಷ್ಟು ಕೂರಿಗೆ ಹೊಲ, ಬಾವಿಯಲ್ಲಿ ನೀರಿದೆಯೋ ಇಲ್ಲವೋ, ಮನೆಯಲ್ಲಿ ಯಾರಿಗೆ ಕಾಯಿಲೆ, ಎಲ್ಲಾ ಗೊತ್ತು. ಯಾವ ಬ್ಯಾಂಕಿಗೂ ಸಿಗದ ಮಾಹಿತಿ ಕಟ್ಟೆ ಮೇಲೆ ಬಿಟ್ಟಿಯಾಗಿ ಸಿಗುತ್ತದೆ. ನನ್ನ ಎತ್ತು ಉಳಿಸಿಕೊಳ್ಳುವ ಸ್ವಾರ್ಥಕ್ಕೇ ನಾನು ಅವನ ಬೆಳೆ ಚೆನ್ನಾಗಿ ಬರಲಿ ಅಂತ ಬಯಸುತ್ತೇನೆ, ಅವನಿಗೆ ನಿಜವಾಗಿ ಕಷ್ಟ ಬಂದರೆ ಕಂತು ಮುಂದೆ ಹಾಕೋಣ ಅಂತ ನಾನೇ ಸಭೆಯಲ್ಲಿ ಹೇಳುತ್ತೇನೆ. ಸ್ವಾರ್ಥವನ್ನು ಬೈಯದೆ, ಬಿಡದೆ, ನೆರೆಯವನ ಕಡೆಗೆ ತಿರುಗಿಸಿದ ವ್ಯವಸ್ಥೆ ಇದು. ನನಗೆ ತಿಳಿದ ವ್ಯವಸ್ಥೆಗಳಲ್ಲಿ ಅತ್ಯಂತ ಜಾಣತನದ್ದು ಇದೇ.

ಹಾಗಾದರೆ ಸಹಕಾರ ಯಾಕೆ ಎಲ್ಲಾ ಕಡೆ ಬೆಳಗಲಿಲ್ಲ? ಆಸ್ತಿ ಇಲ್ಲದವರನ್ನು, ಕೆಳಕೇರಿಯವರನ್ನು ಇಂಥ ಹೊಣೆಯ ಒಳಗೆ ಯಾರೂ ಸುಲಭಕ್ಕೆ ಸೇರಿಸಿಕೊಳ್ಳಲಿಲ್ಲ. ಇದ್ದ ಬಂಡವಾಳವೂ ಸಣ್ಣದು. ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ನಡೆದ ದೇಶದ ಗ್ರಾಮೀಣ ಸಾಲ ಸಮೀಕ್ಷೆಯಲ್ಲಿ ಕಂಡದ್ದು, ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು ಶೇಕಡಾ 3 ಮಾತ್ರ, ಬಡ್ಡಿ ಸಾವಕಾರರದ್ದು ಸುಮಾರು ಶೇಕಡಾ 70. ಸರ್ಕಾರ ದುಡ್ಡು ಹಾಕಲು ಮುಂದಾಯಿತು. ಅದು ಬೇಕಿತ್ತು. ಆದರೆ ದುಡ್ಡು ಮೇಲಿನಿಂದ ಬರಲು ಶುರುವಾದ ಮೇಲೆ ಪಕ್ಕದ ಹೊಲದವನು ಕಟ್ಟದಿದ್ದರೆ ನನಗೇನು ಅನ್ನುವ ಮಾತೂ ಬಂತು. ನಷ್ಟದ ಜಾಗ ಬದಲಾಯಿತು, ನೋಡುವ ಕಣ್ಣೂ ಬದಲಾಯಿತು. ಸಂಘದ ಚುನಾವಣೆ ಊರಿನ ಪಾರ್ಟಿ ಜಗಳವಾಯಿತು.

ಸಾಲಮನ್ನಾ ವಿಷಯವೂ ಇಲ್ಲೇ ಬರುತ್ತದೆ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮನ್ನಾ ಆದಾಗ ನಿಯತ್ತಾಗಿ ಕಟ್ಟಿದವರ ಬಾಯಲ್ಲಿ ಒಂದೇ ಮಾತು: “ಕಟ್ಟಿದಾವ ಹುಚ್ಚ ಆದ್ನಲ್ಲೋ.” ಆ ನೋವು ನಿಜ. ಮಳೆ ಕೈಕೊಟ್ಟದ್ದು ರೈತನ ತಪ್ಪಲ್ಲ, ಆ ನಷ್ಟವನ್ನು ಅವನೊಬ್ಬನ ತಲೆಗೇ ಕಟ್ಟುವುದು ಅನ್ಯಾಯ ಅನ್ನುವುದೂ ಅಷ್ಟೇ ನಿಜ. ನನ್ನ ಪ್ರಕಾರ ತಪ್ಪು ಮನ್ನಾ ಮಾಡಿದ್ದರಲ್ಲಿ ಇಲ್ಲ, ಬರದಿಂದ ಆದ ನಷ್ಟಕ್ಕೂ ಬೇಕಂತಲೇ ಕಟ್ಟದ ಸಾಲಕ್ಕೂ ಒಂದೇ ಬರೆ ಎಳೆದದ್ದರಲ್ಲಿ ಇದೆ. ಬೆಳೆ ವಿಮೆ ಸರಿಯಾಗಿ, ಸರಿಯಾದ ಹೊತ್ತಿಗೆ ಕೈಗೆ ಬಂದರೆ ಮನ್ನಾ ಅನ್ನುವ ಮಾತೇ ಅಪರೂಪವಾಗುತ್ತಿತ್ತು.

ದುಡ್ಡು ಮತ್ತು ನೀತಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದು ಹೇಗೆ ಅನ್ನುವುದಕ್ಕೆ ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳ ಪ್ರಯೋಗ ಒಳ್ಳೆಯ ಸಾಕ್ಷಿ. ಯೂರಿ ನೀಝಿ, ಆಲ್ಡೊ ರುಸ್ಟಿಕಿನಿ ಅದನ್ನು 2000ದಲ್ಲಿ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪಾಲಕರಿಗೆ ಸಣ್ಣ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗಬೇಕಿತ್ತು. ಸುಮಾರು ಎರಡು ಪಟ್ಟಾದರು. ಮೊದಲು ಟೀಚರ್ ಕಾಯುತ್ತಾರಲ್ಲ ಅಂತ ಮುಜುಗರ ಇತ್ತು, ಈಗ ದುಡ್ಡು ಕೊಡುತ್ತೇವಲ್ಲ ಅನ್ನುವ ಧೈರ್ಯ ಬಂತು. ದಂಡ ತೆಗೆದ ಮೇಲೂ ಆ ಮುಜುಗರ ವಾಪಸ್ ಬರಲಿಲ್ಲ. ದಂಡ ಹಾಕಲೇಬಾರದು ಅಂತ ಇದರ ಅರ್ಥವಲ್ಲ. ಸಣ್ಣ ದಂಡ ದರಪಟ್ಟಿಯ ಹಾಗೆ ಕೆಲಸ ಮಾಡುತ್ತದೆ ಅಂತ ಅರ್ಥ.

ಇನ್ನು ಹುಬ್ಬಳ್ಳಿಯ ಬೆಂಗೇರಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ದೇಶಕ್ಕೆ ರಾಷ್ಟ್ರಧ್ವಜ ಹೊಲಿದು ಕೊಡುತ್ತದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಉದ್ದ, ಅಗಲ, ಬಣ್ಣ, ಚಕ್ರದ 24 ಕಡ್ಡಿ, ಎಲ್ಲವೂ ಭಾರತೀಯ ಮಾನಕ ಸಂಸ್ಥೆಯ ಅಳತೆಗೆ ಸರಿಯಾಗಿ ಕೂರಬೇಕು. ಕೈಯಲ್ಲಿ ನೂತ ನೂಲಿನ ಬಟ್ಟೆ ಯಂತ್ರದ ಬಟ್ಟೆಯ ಬೆಲೆಗೆ ಎಂದೂ ಬರುವುದಿಲ್ಲ. ಹಾಗಾಗಿ ಧ್ವಜ ಖಾದಿಯದ್ದೇ ಆಗಿರಬೇಕು ಅನ್ನುವ ನಿಯಮವೇ ಇಷ್ಟು ವರ್ಷ ಆ ಕೆಲಸವನ್ನು ಕಾಪಾಡಿತ್ತು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್‌ಗೂ, ಯಂತ್ರದಲ್ಲಿ ಮಾಡಿದ್ದಕ್ಕೂ ಅನುಮತಿ ಕೊಟ್ಟರು. ಅಗ್ಗದ ಧ್ವಜ ಬಡವರ ಮನೆಗೂ ಮುಟ್ಟಿತು ಅನ್ನುವುದು ಸುಳ್ಳಲ್ಲ. ಆದರೆ ಆ ಅಗ್ಗದ ಬೆಲೆಯ ಒಂದು ಭಾಗವನ್ನು ಕೊಟ್ಟವರು ರಾಟೆ ಮುಂದೆ ಕೂತವರು, ಅವರನ್ನು ಯಾರೂ ಕೇಳಿರಲಿಲ್ಲ. ನೀತಿಯನ್ನು ಕೊಳ್ಳುವವರ ಒಳ್ಳೆಯ ಮನಸ್ಸಿಗೆ ಬಿಟ್ಟರೆ ಹಬ್ಬದ ದಿನ ಒಂದಿಷ್ಟು ಖಾದಿ ಮಾರಾಟವಾಗುತ್ತದೆ. ವರ್ಷವಿಡೀ ಕೆಲಸ ಇರಬೇಕಾದರೆ ಅದು ನಿಯಮದಲ್ಲೋ ಸರ್ಕಾರಿ ಖರೀದಿಯಲ್ಲೋ ಇರಬೇಕು.

ಇದೇ ಪ್ರಶ್ನೆಯನ್ನು ಈಗ ಹುಬ್ಬಳ್ಳಿ-ಧಾರವಾಡದ ರಸ್ತೆಯಲ್ಲಿ ಊಟದ ಚೀಲ ಬೆನ್ನಿಗೆ ಹಾಕಿಕೊಂಡು ಬೈಕ್ ಓಡಿಸುವ ಹುಡುಗರ ವಿಷಯದಲ್ಲೂ ಕೇಳಬೇಕು. ಹೋಟೆಲ್‌ನಲ್ಲಿ ಅಡುಗೆ ತಡವಾದರೆ ಕಡಿಮೆ ಸ್ಟಾರ್ ಬೀಳುವುದು ಅವನಿಗೆ. ಮಳೆಯಲ್ಲಿ ಜಾರಿ ಬಿದ್ದರೆ ಆಸ್ಪತ್ರೆ ಖರ್ಚಿಗೆ ಮೊದಲು ಕೈ ಹಾಕುವುದು ಅವನದೇ ಜೇಬಿಗೆ. ಪೆಟ್ರೋಲ್ ಏರಿದರೆ ಅದೂ ಅವನದೇ. ಅಲ್ಲಿ ಲಾಭ ಮೇಲಕ್ಕೆ ಹೋಗುತ್ತದೆ, ನಷ್ಟ ಕೆಳಗೆ ಇಳಿಯುತ್ತದೆ, ನಡುವೆ ಮಾತಾಡಲು ಒಬ್ಬ ದಲಾಲರೂ ಇಲ್ಲ, ಬರೀ ಆ್ಯಪ್. 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗಾಗಿ, ಅಂದರೆ ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವವರಿಗಾಗಿ, ಕಾನೂನು ಮಾಡಿದೆ. ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಅದರಿಂದ ಈ ಹುಡುಗರ ಸಾಮಾಜಿಕ ಭದ್ರತೆಗೆ ನಿಧಿ. ಆ ಶುಲ್ಕ ಕೊನೆಗೆ ಕಂಪನಿಯ ಲಾಭದಿಂದ ಬರುತ್ತದೋ, ನಮ್ಮ ಬಿಲ್ಲಿನಿಂದಲೋ, ಇಲ್ಲಾ ಅವರದೇ ಟ್ರಿಪ್ಪಿನ ದುಡ್ಡಿನಿಂದಲೋ, ಅದನ್ನು ಬಿಲ್ಲು ಮತ್ತು ಅವರ ವಾರದ ಗಳಿಕೆ ಎರಡನ್ನೂ ಎದುರಿಗೆ ಇಟ್ಟುಕೊಂಡು ನೋಡಬೇಕು.